4ಕೆ ಬೇಕಿರೋದು ನಮ್ಮ ಹಾಲ್‌ಗಲ್ಲ, ನಮ್ಮ ಸಿನಿಮಾ ರೀಲುಗಳಿಗೆ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಆ ವಾರವೇ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಅಪ್ಪನ ಮೆಸೇಜು: "ಟಿವಿ ರೇಟು ಇಳಿದಿದೆಯಂತೆ. ಹಬ್ಬಕ್ಕೆ ಬಂದಾಗ ಹೋಗಿ ನೋಡ್ಕೊಂಡು ಬರೋಣ್ವಾ?"

ಹೋದ್ವಿ. ಶೋರೂಮಿನ ಗೋಡೆ ತುಂಬಾ ಟಿವಿಗಳು, ಎಲ್ಲದರಲ್ಲೂ ಅದೇ ವಿಡಿಯೊ. ನಿಧಾನಕ್ಕೆ ಸುರಿಯೋ ಜೇನುತುಪ್ಪ, ನವಿಲುಗರಿ, ಹಿಮದ ಬೆಟ್ಟ. ಸೇಲ್ಸ್ ಹುಡುಗ ಹೇಳಿದ, "ಅಂಕಲ್, ಫುಲ್ ಎಚ್‌ಡಿ ಎಲ್ಲಾ ಹಳೇದಾಯ್ತು. ಇದು 4ಕೆ. ನಾಲ್ಕು ಪಟ್ಟು ಕ್ಲಿಯರ್." ಅಪ್ಪ ನವಿಲುಗರಿಯನ್ನೇ ನೋಡ್ತಾ "ಹೌದಲ್ವೇನೋ" ಅಂದರು. 43 ಇಂಚಿನ ಟಿವಿ ಮನೆಗೆ ಬಂತು.

ಸಂಜೆ ಅಮ್ಮ ಕೇಳಿದ್ದು ನವಿಲುಗರಿಯನ್ನಲ್ಲ, ಒಂದು ಕಪ್ಪು-ಬಿಳುಪು ರಾಜ್‌ಕುಮಾರ್ ಸಿನಿಮಾ. ಇಂಟರ್‌ನೆಟ್‌ನಲ್ಲಿ ಹುಡುಕಿ ಹಾಕಿದೆ. ಯಾರದೋ ಚಾನೆಲ್ಲಿನ ಲೋಗೊ ಮೂಲೆಯಲ್ಲಿ ಅಂಟಿಕೊಂಡಿತ್ತು. ಫ್ರೇಮಿನ ಮೇಲ್ಭಾಗ ಕತ್ತರಿಸಿತ್ತು, ಮುಖಗಳು ಕಲಸಿಟ್ಟ ಹಿಟ್ಟಿನ ಥರ, ರಾತ್ರಿ ದೃಶ್ಯವೆಲ್ಲಾ ಡಾಂಬರು. ಅಮ್ಮ ಹತ್ತು ನಿಮಿಷ ನೋಡಿ ಕೇಳಿದರು: "ಟಿವಿ ಹೊಸದಾದ್ರೆ ಪಿಚ್ಚರ್ ಯಾಕೋ ಹಳೇ ಥರಾನೇ ಇದೆ?"

4ಕೆ, 8ಕೆ ಅಂತ ಪ್ರತಿ ಹಬ್ಬಕ್ಕೂ ನಮಗೆ ಮಾರಲಾಗುತ್ತಿರುವ ಈ ಹೆಚ್ಚಿನ ಪಿಕ್ಸೆಲ್ಲುಗಳು ಕೊಟ್ಟ ದುಡ್ಡಿಗೆ ತಕ್ಕವೇ ಅನ್ನೋ ಪ್ರಶ್ನೆಗೆ ಗ್ಯಾಜೆಟ್ ರಿವ್ಯೂಗಳಲ್ಲಿ ಸಾವಿರ ಉತ್ತರ ಸಿಗುತ್ತವೆ. ಅಮ್ಮನ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಈ ಲೇಖನದಲ್ಲಿ ನಾನು ಎರಡನ್ನೂ ಒಟ್ಟಿಗೆ ಇಟ್ಟು ನೋಡೋಕೆ ಪ್ರಯತ್ನ ಮಾಡಿದ್ದೀನಿ.

ಮೊದಲು ಟೇಪು ಹಿಡಿದು ಅಳೆಯೋಣ

ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿದರೆ ಸುಮಾರು 20.7 ಲಕ್ಷ. ಮನೆ ಟಿವಿಯ 4ಕೆ ಅಂದ್ರೆ 3840 ಮತ್ತು 2160, ಅಂದರೆ ಸುಮಾರು 83 ಲಕ್ಷ. 8ಕೆಯಲ್ಲಿ 3.3 ಕೋಟಿ. ಸೇಲ್ಸ್ ಹುಡುಗ ಹೇಳಿದ 'ನಾಲ್ಕು ಪಟ್ಟು' ಸುಳ್ಳಲ್ಲ. ಆದರೆ ನಾಲ್ಕು ಪಟ್ಟು ಹೆಚ್ಚಾಗಿದ್ದು ಚುಕ್ಕಿ, 'ಕ್ಲಿಯರ್' ಅಲ್ಲ. ಕ್ಲಿಯರ್ ಅನ್ನೋದನ್ನು ತೀರ್ಮಾನಿಸೋದು ಟಿವಿ ಅಲ್ಲ, ನಮ್ಮ ಕಣ್ಣು.

ಕೈ ಪೂರ್ತಿ ಚಾಚಿ ಕಿರುಬೆರಳು ಎತ್ತಿ ಹಿಡೀರಿ. ಅದರ ಅಗಲ ನಿಮ್ಮ ನೋಟದಲ್ಲಿ ಸುಮಾರು ಒಂದು ಡಿಗ್ರಿ. ಆ ಒಂದು ಡಿಗ್ರಿಯೊಳಗೆ 60 ಚುಕ್ಕಿಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಕಣ್ಣು ಒಳ್ಳೇ ಕಣ್ಣು ಅನ್ನೋದು ಹಳೇ ಲೆಕ್ಕ. ಕಣ್ಣಿನ ಡಾಕ್ಟರ ಗೋಡೆಯ ಮೇಲಿರುವ ಅಕ್ಷರದ ಚಾರ್ಟು ನಿಂತಿರೋದೂ ಇದರ ಮೇಲೇ. 2025ರ ಅಕ್ಟೋಬರ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಮೆಟಾ ಕಂಪನಿಯ ಸಂಶೋಧಕರು ಇದನ್ನು ಹೊಸದಾಗಿ ಅಳೆದು ಪ್ರಕಟಿಸಿದರು. ಕಪ್ಪು-ಬಿಳುಪು ವಿವರಗಳಲ್ಲಿ ಕಣ್ಣಿನ ಸರಾಸರಿ ಮಿತಿ ಡಿಗ್ರಿಗೆ 94 ಚುಕ್ಕಿ ಅಂತ ಬಂತು. ಅಂದರೆ ನಮ್ಮ ಕಣ್ಣು ಅಂದುಕೊಂಡಿದ್ದಕ್ಕಿಂತ ಚುರುಕೇ. ಆದರೂ ಅದೇ ತಂಡ ಹೇಳಿದ್ದು, 44 ಇಂಚಿನ ಟಿವಿಯನ್ನು ಎರಡೂವರೆ ಮೀಟರ್ ದೂರದಿಂದ ನೋಡುವವರಿಗೆ 4ಕೆ ಆಗಲಿ 8ಕೆ ಆಗಲಿ, 1440 ಸಾಲಿನ ಪರದೆಗಿಂತ ಹೆಚ್ಚೇನೂ ಕೊಡಲ್ಲ ಅಂತ.

ಅಮ್ಮನ ಹೊಲಿಗೆ ಟೇಪು ತಗೊಂಡು ನಮ್ಮ ಹಾಲ್ ಅಳೆದೆ. ಸೋಫಾದಿಂದ ಟಿವಿಗೆ ಒಂಬತ್ತೂವರೆ ಅಡಿ. 43 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಯ ಚುಕ್ಕಿಗಳು ಹಳೇ ಲೆಕ್ಕದ ಪ್ರಕಾರ ಐದೂವರೆ ಅಡಿ ದಾಟಿದ ಮೇಲೆ ಒಂದರೊಳಗೊಂದು ಸೇರಿಬಿಡುತ್ತವೆ. ಹೊಸ ಲೆಕ್ಕ ಹಿಡಿದರೂ ಸುಮಾರು ಒಂಬತ್ತು ಅಡಿಗೆ. ಅಂದರೆ ಅಪ್ಪ ಸೋಫಾದಲ್ಲಿ ಕೂತರೆ 4ಕೆಗೂ ಫುಲ್ ಎಚ್‌ಡಿಗೂ ಅವರ ಕಣ್ಣಿನ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ಶೋರೂಮಿನಲ್ಲಿ ಕಂಡಿತ್ತಲ್ಲ ಅಂತ ಕೇಳಬಹುದು. ಅಲ್ಲಿ ನಾವು ನಿಂತಿದ್ದು ಮೂರು ಅಡಿ ದೂರದಲ್ಲಿ.

ಇದು ಎಲ್ಲರಿಗೂ ಅನ್ವಯಿಸಲ್ಲ, ನಿಜ. 65 ಇಂಚಿನ ಟಿವಿಯನ್ನು ಎಂಟು ಅಡಿಯಿಂದ ನೋಡೋರಿಗೆ 4ಕೆ ಕಾಣುತ್ತೆ. ಗೋಡೆ ತುಂಬಾ ಪ್ರೊಜೆಕ್ಟರ್ ಹಾಕಿಕೊಂಡವರಿಗೆ, ಮಾನಿಟರ್‌ಗೆ ಮೂಗು ತಾಗಿಸಿಕೊಂಡು ಗೇಮ್ ಆಡೋರಿಗೆ ಇನ್ನೂ ಚೆನ್ನಾಗಿ ಕಾಣುತ್ತೆ. ಆದರೆ 8ಕೆ? ಅದೇ 65 ಇಂಚಿನಲ್ಲಿ 8ಕೆಯ ಲಾಭ ಕಾಣಬೇಕಾದರೆ ಏಳು ಅಡಿಗಿಂತ ಹತ್ತಿರ ಕೂರಬೇಕು. ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರ್‌ನಲ್ಲೇ 8ಕೆ ಚಾನೆಲ್ ಶುರು ಮಾಡಿತು. ಜಗತ್ತು ಅದರ ಹಿಂದೆ ಓಡಲಿಲ್ಲ. 2023ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟ ಟಿವಿಗಳ ವಿದ್ಯುತ್ ಬಳಕೆಯ ನಿಯಮ ಬಿಗಿ ಮಾಡಿದಾಗ ಮೊದಲು ಏದುಸಿರು ಬಿಟ್ಟಿದ್ದು ಈ 8ಕೆ ಟಿವಿಗಳೇ.

ಟ್ಯಾಂಕ್ ದೊಡ್ಡದು, ನಲ್ಲಿ ಸಣ್ಣದು

ಮನೆ ಮೇಲೆ ಎಷ್ಟೇ ದೊಡ್ಡ ಟ್ಯಾಂಕ್ ಇಡಿಸಿದರೂ ನಲ್ಲಿಯಲ್ಲಿ ನೀರು ದಾರದ ಹಾಗೆ ಬಂದರೆ ಏನು ಪ್ರಯೋಜನ? ವಿಡಿಯೊದಲ್ಲೂ ಹಾಗೇ. ಪಿಕ್ಸೆಲ್ ಅನ್ನೋದು ಟ್ಯಾಂಕಿನ ಅಳತೆ. ಸೆಕೆಂಡಿಗೆ ಎಷ್ಟು ಮಾಹಿತಿ ಹರಿದು ಬರುತ್ತೆ ಅನ್ನೋ ಬಿಟ್‌ರೇಟ್ ನಲ್ಲಿಯ ಅಳತೆ.

4ಕೆ ಬ್ಲೂ-ರೇ ಡಿಸ್ಕ್ 2016ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಹರಿಯೋ ಅವಕಾಶ ಇದೆ. ಅದಕ್ಕೂ ಹಳೇ ಫುಲ್ ಎಚ್‌ಡಿ ಬ್ಲೂ-ರೇಯಲ್ಲಿ ಚಿತ್ರಕ್ಕೆ 40ರವರೆಗೆ. ಆದರೆ 4ಕೆ ಸ್ಟ್ರೀಮಿಂಗ್‌ಗೆ ನೆಟ್‌ಫ್ಲಿಕ್ಸ್ ನಮ್ಮ ಇಂಟರ್‌ನೆಟ್‌ನಿಂದ ಕೇಳೋದು 15. ಸಂಕುಚಿತಗೊಳಿಸುವ ತಂತ್ರಜ್ಞಾನ ಸುಧಾರಿಸಿದೆ, ಹಾಗಾಗಿ ಈ ಸಂಖ್ಯೆಗಳನ್ನು ನೇರಾನೇರ ತೂಗೋಕಾಗಲ್ಲ ಅನ್ನೋದು ಸರಿ. ಆದರೂ '4ಕೆ' ಅನ್ನೋ ಒಂದೇ ಲೇಬಲ್ಲಿನ ಕೆಳಗೆ ಇಷ್ಟು ದೂರದ ಎರಡು ವಸ್ತುಗಳನ್ನು ಮಾರಲಾಗುತ್ತಿದೆ ಅನ್ನೋದನ್ನು ಯಾರೂ ಪೆಟ್ಟಿಗೆ ಮೇಲೆ ಬರೆಯಲ್ಲ.

ನಲ್ಲಿ ಸಣ್ಣದಾದರೆ ಮೊದಲು ಕೆಡೋದು ಕತ್ತಲು. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ಯುದ್ಧದ ಎಪಿಸೋಡ್ 'ದಿ ಲಾಂಗ್ ನೈಟ್' ಬಂದಾಗ ಜಗತ್ತಿನಾದ್ಯಂತ ಜನ ಏನೂ ಕಾಣ್ತಿಲ್ಲ ಅಂತ ಬೈದಿದ್ದು ನೆನಪಿರಬಹುದು. ಚಿತ್ರೀಕರಣವೇ ಕತ್ತಲಲ್ಲಿ ನಡೆದಿತ್ತು, ಅದರ ಮೇಲೆ ಸ್ಟ್ರೀಮಿಂಗ್‌ನ ಹಿಂಡುವಿಕೆ ಸೇರಿ ಕಪ್ಪು ಬಣ್ಣ ತುಂಡುತುಂಡಾಗಿ ಕಂಡಿತು. ಪಿಕ್ಸೆಲ್ ಎಣಿಕೆ ಹೆಚ್ಚಿಸಿದ್ದರೆ ಅದು ಸರಿಹೋಗ್ತಿರಲಿಲ್ಲ.

ಹಾಗಾದ್ರೆ ಕಣ್ಣಿಗೆ ನಿಜಕ್ಕೂ ಕಾಣುವ ಸುಧಾರಣೆ ಯಾವುದು? ಬೆಳಕು-ಕತ್ತಲಿನ ಅಂತರ ಮತ್ತು ಬಣ್ಣ. ಎಚ್‌ಡಿಆರ್ ಅನ್ನೋದು ಮಾಡೋಕೆ ಹೊರಟಿದ್ದು ಇದನ್ನೇ. ಹಳೇ 8 ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 10 ಬಿಟ್‌ನಲ್ಲಿ 1024. ಸಂಜೆಯ ಆಕಾಶ ಪಟ್ಟೆಪಟ್ಟೆಯಾಗಿ ಕಾಣದೆ ನಯವಾಗಿ ಕರಗಬೇಕಾದರೆ ಈ ಮೆಟ್ಟಿಲುಗಳು ಬೇಕು. ಹತ್ತು ಅಡಿ ದೂರದಿಂದಲೂ ಇದು ಗೊತ್ತಾಗುತ್ತೆ. ಆದರೆ ಅಗ್ಗದ ಟಿವಿಗಳ ಮೇಲೆ 'ಎಚ್‌ಡಿಆರ್' ಅಂತ ಸ್ಟಿಕರ್ ಇದ್ದರೂ ಅದಕ್ಕೆ ಬೇಕಾದಷ್ಟು ಬೆಳಕು ಕೊಡೋ ಶಕ್ತಿ ಆ ಪರದೆಗೇ ಇರಲ್ಲ.

ಇನ್ನೊಂದು ತಮಾಷೆ ಇದೆ. '4ಕೆ' ಅಂತ ಮಾರುವ ಎಷ್ಟೋ ದೊಡ್ಡ ಸಿನಿಮಾಗಳ ಮೂಲ ಪ್ರತಿಯೇ 2ಕೆ. 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಅಂಥ ಒಂದು. ಅದನ್ನು ಆಮೇಲೆ ಹಿಗ್ಗಿಸಿ 4ಕೆ ಡಿಸ್ಕಿಗೆ ಹಾಕಿದರು. ಅದು ಕೆಟ್ಟದಾಗೇನೂ ಕಾಣಲ್ಲ, ಸೊಗಸಾಗೇ ಇದೆ. ಯಾಕಂದ್ರೆ ಸೊಗಸು ಬಂದಿದ್ದು ಬಣ್ಣದಿಂದ, ಬೆಳಕಿನಿಂದ.

ತಾರತಮ್ಯಕ್ಕೂ ಒಂದು ರೆಸಲ್ಯೂಷನ್ ಇದೆ

2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ದರ ಇಳಿಸಿತು. ಆಗ ನಿಗದಿಯಾದ ಪಟ್ಟಿಯಲ್ಲಿ ಮೊಬೈಲ್‌ನಲ್ಲಿ ಮಾತ್ರ ನೋಡೋ ಪ್ಲಾನ್ 149 ರೂಪಾಯಿ, 4ಕೆ ಬೇಕಂದ್ರೆ 649. ಸಿನಿಮಾ ಒಂದೇ, ನಟರು ಅವರೇ. ವರ್ಷಕ್ಕೆ 6,000 ರೂಪಾಯಿ ವ್ಯತ್ಯಾಸ. ಅದರಲ್ಲಿ ಒಂದೇ ಸಲಕ್ಕೆ ಎಷ್ಟು ಜನ ನೋಡಬಹುದು ಅನ್ನೋದೂ ಸೇರಿದೆ ಅನ್ನಿ. ಆದರೆ ಜಾಹೀರಾತಿನಲ್ಲಿ ಮಿನುಗೋದು ರೆಸಲ್ಯೂಷನ್ನೇ. ಅದು ಇಲ್ಲಿ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ದರ್ಜೆ. ರೈಲಿನಲ್ಲಿ ಸ್ಲೀಪರ್, ಎಸಿ ಇದ್ದ ಹಾಗೆ.

ಡೇಟಾ ಲೆಕ್ಕವನ್ನೂ ನೋಡಿ. 4ಕೆಯಲ್ಲಿ ಒಂದು ಗಂಟೆಗೆ 7 ಜಿಬಿವರೆಗೆ ಖರ್ಚಾಗುತ್ತೆ. ಎರಡೂವರೆ ಗಂಟೆ ಸಿನಿಮಾಗೆ 17 ಜಿಬಿ ಮೇಲೆ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿಕೊಂಡು ಹಾಸ್ಟೆಲ್ಲಿನಲ್ಲಿ ಇರೋ ಹುಡುಗಿಗೆ ಅದು ಸುಮಾರು ಒಂಬತ್ತು ದಿನದ ಡೇಟಾ. ಫೈಬರ್ ಸಂಪರ್ಕ ಇರೋ ಮನೆಗೆ 4ಕೆ, ಟವರ್ ಹುಡುಕಿಕೊಂಡು ಗುಡ್ಡ ಹತ್ತೋ ಮಲೆನಾಡಿನ ಊರಿಗೆ ತಿರುಗೋ ಚಕ್ರ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ಭಾರತದ ಸ್ಟ್ರೀಮಿಂಗ್ ಕಂಪನಿಗಳು ಒಟ್ಟಾಗಿ ಒಂದು ನಿರ್ಧಾರ ಮಾಡಿದವು. ನೆಟ್‌ವರ್ಕ್ ಕುಸಿಯಬಾರದು ಅಂತ ಮೊಬೈಲ್ ಸಂಪರ್ಕದಲ್ಲಿ ಚಿತ್ರದ ಗುಣಮಟ್ಟವನ್ನು 480 ಸಾಲಿಗೆ ಇಳಿಸೋದು ಅಂತ. ಏಪ್ರಿಲ್ 14ರವರೆಗೆ. ದೇಶದ ಕೋಟ್ಯಂತರ ಜನ ಹತ್ತಿರತ್ತಿರ ಡಿವಿಡಿ ಗುಣಮಟ್ಟದಲ್ಲಿ ಸಿನಿಮಾ ನೋಡಿದರು. ನನ್ನ ಗೆಳೆಯರ ಬಳಗದಲ್ಲಿ ಆಗ ಚರ್ಚೆ ಆಗಿದ್ದು ಕಥೆಯ ಬಗ್ಗೆ, ಪಿಕ್ಸೆಲ್ ಬಗ್ಗೆ ಅಲ್ಲ.

ಇಷ್ಟೆಲ್ಲಾ ಕೊಟ್ಟ ಮೇಲೂ ಸಿನಿಮಾ ನಮ್ಮದಾಗುತ್ತಾ? ಇಲ್ಲ. ಸ್ಟ್ರೀಮಿಂಗ್‌ನಲ್ಲಿ ಪರವಾನಗಿ ಮುಗಿದ ದಿನ ಸಿನಿಮಾ ಮಾಯ. 'ಖರೀದಿಸಿ' ಅಂತ ಬಟನ್ ಒತ್ತಿ ತಗೊಂಡ ಡಿಜಿಟಲ್ ಪ್ರತಿಯೂ ಬರೀ ಪರವಾನಗಿಯೇ. ಅದಕ್ಕೇ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದು, 2025ರ ಜನವರಿಯಿಂದ, ಇದು ಪರವಾನಗಿ ಮಾತ್ರ ಅಂತ ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಅನ್ನೋ ಪದ ಬಳಸಬಾರದು ಅಂದಿತು. ಕೈಯಲ್ಲಿ ಹಿಡಿಯೋ ಡಿಸ್ಕ್ ನಮ್ಮದೇ ಆಗಿರುತ್ತಿತ್ತು. ಅದೂ ಈಗ ಹಿಂದೆ ಸರಿಯುತ್ತಿದೆ.

ಅಮ್ಮನ ಪ್ರಶ್ನೆಗೆ ಬರೋಣ

ಇಲ್ಲಿವರೆಗೆ ಓದಿದವರು ನಾನು 4ಕೆ ವಿರೋಧಿ ಅಂದುಕೊಂಡಿರಬಹುದು. ಅಲ್ಲ. 4ಕೆ ಬೇಕು. ಆದರೆ ಅದು ಬೇಕಿರೋದು ಸೋಫಾದ ತುದಿಯಲ್ಲಲ್ಲ, ಸಿನಿಮಾ ಹುಟ್ಟಿದ ತುದಿಯಲ್ಲಿ. ನೆಗೆಟಿವ್ ಇರುವ ಕಡೆ.

35 ಎಂಎಂ ಫಿಲ್ಮಿನಲ್ಲಿ ಪಿಕ್ಸೆಲ್ ಇರಲ್ಲ, ಬೆಳ್ಳಿಯ ಕಣಗಳಿರುತ್ತವೆ. ಚೆನ್ನಾಗಿ ಉಳಿದಿರುವ ಕ್ಯಾಮೆರಾ ನೆಗೆಟಿವ್‌ನಲ್ಲಿ ಫುಲ್ ಎಚ್‌ಡಿಗೆ ಹಿಡಿಸದಷ್ಟು ವಿವರ ಅಡಗಿರುತ್ತೆ. ಹಾಗಾಗಿ ವಿಚಿತ್ರ ಅನ್ನಿಸಿದರೂ ನಿಜ ಏನಂದ್ರೆ, 2ಕೆಯಲ್ಲಿ ಮುಗಿಸಿದ ಇತ್ತೀಚಿನ ಸಿನಿಮಾಗಿಂತ 1970ರ ದಶಕದ ಕಪ್ಪು-ಬಿಳುಪು ಕನ್ನಡ ಸಿನಿಮಾಗೆ 4ಕೆ ಹೆಚ್ಚು ಉಪಯೋಗ.

ಸಾಕ್ಷಿ ನಮ್ಮಲ್ಲೇ ಇದೆ. ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' 1977ರದ್ದು, ಅನಂತಮೂರ್ತಿ ಅವರ ಕಥೆ, ಎಸ್. ರಾಮಚಂದ್ರ ಅವರ ಕ್ಯಾಮೆರಾ, ಸ್ವರ್ಣಕಮಲ ಪಡೆದ ಚಿತ್ರ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಅದರ ನೆಗೆಟಿವ್‌ನಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆಯಲ್ಲಿ ಪುನರುಜ್ಜೀವನ ಮಾಡಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ತೆರೆ ಕಂಡಿತು. ವಿಧವೆ ಯಮುನಕ್ಕನ ತಲೆ ಬೋಳಿಸಿ ಊರಿಂದ ಹೊರಗೆ ಹಾಕುವ ಆ ಕಥೆಯನ್ನು ಜಗತ್ತು ಹೊಸ ಬೆಳಕಿನಲ್ಲಿ ನೋಡಿತು. ಇದಕ್ಕೆ ಬೇಕಾಗಿದ್ದು ಮೊದಲನೆಯದಾಗಿ ಯಾರದೋ ಶೆಲ್ಫಿನಲ್ಲಿ ಕೊಳೆಯದೇ ಉಳಿದ ಒಂದು ನೆಗೆಟಿವ್.

ಆ ಅದೃಷ್ಟ ಎಲ್ಲಕ್ಕೂ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಒಂದು ಭಾಷೆಯ ಸಿನಿಮಾದ ಮೊದಲ ಮಾತೇ ಕಳೆದುಹೋಗಿದೆ. ಸೆಕೆ, ತೇವಕ್ಕೆ ಅಸಿಟೇಟ್ ಫಿಲ್ಮು ಕೊಳೆಯೋಕೆ ಶುರುವಾದರೆ ಡಬ್ಬಿ ತೆಗೆದ ಕೂಡಲೇ ವಿನೆಗರ್ ಥರ ಹುಳಿ ವಾಸನೆ ಹೊಡೆಯುತ್ತೆ. ಒಂದು ರೀಲಿನಿಂದ ಪಕ್ಕದ ರೀಲಿಗೂ ಹರಡುತ್ತೆ. ಆಮೇಲೆ 4ಕೆ ಅಲ್ಲ, 40ಕೆ ಬಂದರೂ ಏನೂ ಮಾಡೋಕಾಗಲ್ಲ. ಅಮ್ಮ ನೋಡಿದ ಆ ಹಿಟ್ಟಿನ ಮುಖಗಳ ಪ್ರತಿ ಹುಟ್ಟಿದ್ದು ನೆಗೆಟಿವ್‌ನಿಂದಲ್ಲ. ಸವೆದ ಪ್ರಿಂಟಿನಿಂದ ಟೇಪಿಗೆ, ಟೇಪಿನಿಂದ ಸಿಡಿಗೆ, ಸಿಡಿಯಿಂದ ಇಂಟರ್‌ನೆಟ್ಟಿಗೆ ಇಳಿದಿಳಿದು ಬಂದ ಪ್ರತಿಯ ಹಾಗಿತ್ತು ಅದು. ಅಲ್ಲಿ ಇಲ್ಲದ ವಿವರವನ್ನು ಯಾವ ಟಿವಿಯೂ ಹುಟ್ಟಿಸಲಾರದು.

18 ಸಿನಿಮಾಗಳ ಬಜೆಟ್

2025ರ ಮಾರ್ಚ್ 7ರ ರಾಜ್ಯ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸಿನಿಮಾ ಬಗ್ಗೆ ಹೇಳಿದ ಮಾತುಗಳಲ್ಲಿ ಮೂರನ್ನು ನೆನಪಿಸಿಕೊಳ್ಳಿ. ಟಿಕೆಟ್‌ಗೆ 200 ರೂಪಾಯಿ ಮಿತಿ. ಕನ್ನಡ ಸಿನಿಮಾಗಳಿಗೆ ಸರ್ಕಾರದ್ದೇ ಒಟಿಟಿ. ನಾಡಿನ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಬದುಕನ್ನು ಬಿಂಬಿಸುವ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ. ಮೊದಲನೆಯದು ಸೆಪ್ಟೆಂಬರ್‌ನಲ್ಲಿ ನಿಯಮವಾಗಿ ಬಂದು ಹೈಕೋರ್ಟಿನ ಮಧ್ಯಂತರ ತಡೆಗೆ ಸಿಕ್ಕಿತು, ನಾವೆಲ್ಲಾ ಅದರ ಬಗ್ಗೆ ಜೋರಾಗಿ ಜಗಳ ಆಡಿದೆವು. ಮೂರನೆಯದರ ಬಗ್ಗೆ ಅಂಥ ಒಂದು ಜಗಳವನ್ನೂ ನಾನು ನೋಡಲಿಲ್ಲ.

3 ಕೋಟಿ ಅಂದರೆ ಎಷ್ಟು? 2022ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಚಲನಚಿತ್ರ ಪರಂಪರೆ ಮಿಷನ್ ಅಡಿ ಸುಮಾರು 2,200 ಸಿನಿಮಾಗಳ ಪುನರುಜ್ಜೀವನಕ್ಕೆ 363 ಕೋಟಿ ಘೋಷಿಸಿತು. ಭಾಗಿಸಿದರೆ ಸಿನಿಮಾ ಒಂದಕ್ಕೆ ಸುಮಾರು 16.5 ಲಕ್ಷ. ಅದೇ ಸರಾಸರಿ ಹಿಡಿದರೆ ನಮ್ಮ 3 ಕೋಟಿಗೆ 18 ಸಿನಿಮಾ. ಅದೂ ಕಟ್ಟಡ, ತಂಪು ಕೋಣೆ, ಸಿಬ್ಬಂದಿಯ ಸಂಬಳ ಏನೂ ಲೆಕ್ಕಕ್ಕೆ ಇಟ್ಟುಕೊಳ್ಳದೆ. ಕನ್ನಡದಲ್ಲಿ ಈಗ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬಿಡುಗಡೆ ಆಗುತ್ತವೆ.

ಜನರಿಗೆ ಕೆಲಸ, ಅನ್ನದ ಪ್ರಶ್ನೆ ಇರೋವಾಗ ಹಳೇ ರೀಲಿನ ಚಿಂತೆ ಯಾಕೆ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಯಮುನಕ್ಕನಂಥವರಿಗೆ ಈ ನಾಡು ಏನು ಮಾಡಿತು ಅನ್ನೋದನ್ನು ಮುಂದಿನವರಿಗೆ ತೋರಿಸೋದೂ ರಾಜಕಾರಣವೇ. ಇತಿಹಾಸವನ್ನು ತಿದ್ದಿ ಬರೆಯೋ ಕಾಲದಲ್ಲಿ ತಿದ್ದಲಾಗದ ಚಿತ್ರ ನಮ್ಮ ಕೈಯಲ್ಲಿರಬೇಕು. ಮಾರುಕಟ್ಟೆ ಇದನ್ನು ಮಾಡುತ್ತೆ ಅಂತ ಕೂರೋಕಾಗಲ್ಲ. ರಕ್ಷಿತ್ ಶೆಟ್ಟಿ ಅವರಂಥ ಹೆಸರಿದ್ದ ನಿರ್ಮಾಪಕರೇ 'ಏಕಂ' ಸರಣಿಗೆ ಒಟಿಟಿ ಸಿಗದೆ 2024ರಲ್ಲಿ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯ್ತು. ಹೊಸ ಕನ್ನಡಕ್ಕೇ ಜಾಗ ಕೊಡದವರು ಹಳೇ ಕನ್ನಡವನ್ನು ಕಾಯ್ತಾರಾ?

ನಾವು ಕೇಳಬೇಕಾದ್ದು ಆಕಾಶದಷ್ಟೇನಲ್ಲ. ಒಂದು, ಯಾವ ಕನ್ನಡ ಸಿನಿಮಾದ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅನ್ನೋ ಪಟ್ಟಿ ಸಾರ್ವಜನಿಕವಾಗಿರಲಿ. ಎರಡು, ಸರ್ಕಾರದ ಸಬ್ಸಿಡಿ ಪಡೆಯುವ ಪ್ರತಿ ಸಿನಿಮಾದ ಪೂರ್ಣ ಗುಣಮಟ್ಟದ ಮೂಲ ಪ್ರತಿಯನ್ನು ಭಂಡಾರಕ್ಕೆ ಕೊಡೋದು ಷರತ್ತಾಗಲಿ. ಹಾರ್ಡ್ ಡಿಸ್ಕಿನಲ್ಲಿರುವ ಇವತ್ತಿನ ಸಿನಿಮಾಗಳು ರೀಲಿಗಿಂತ ಬೇಗ ಸಾಯಬಲ್ಲವು. ಮೂರು, ಘೋಷಿಸಿದ ಒಟಿಟಿಯಲ್ಲಿ ಪುನರುಜ್ಜೀವನಗೊಂಡ ಚಿತ್ರಗಳು ಎಲ್ಲರಿಗೂ ಒಂದೇ ಗುಣಮಟ್ಟದಲ್ಲಿ ಸಿಗಲಿ, ಅಲ್ಲಿ ಸ್ಲೀಪರ್-ಎಸಿ ದರ್ಜೆ ಬೇಡ. ಕೇರಳ 2024ರ ಮಾರ್ಚ್‌ನಲ್ಲೇ 'ಸಿಸ್ಪೇಸ್' ಹೆಸರಿನ ಸರ್ಕಾರಿ ಒಟಿಟಿ ಶುರು ಮಾಡಿ, ಇದು ಆಗುವ ಕೆಲಸ ಅಂತ ತೋರಿಸಿದೆ.

ನಿಮ್ಮ ಮನೆ ಟಿವಿ ವಿಷಯಕ್ಕೆ ಬಂದರೆ ನನ್ನ ಸಲಹೆ ಸಣ್ಣದು. ಈಗ ಮಾರುಕಟ್ಟೆಯಲ್ಲಿ 43 ಇಂಚು ಮೇಲಿನ ಬಹುತೇಕ ಟಿವಿಗಳು ಹೇಗಿದ್ದರೂ 4ಕೆಯೇ, ಅದಕ್ಕೆ ಕೊರಗಬೇಡಿ, ಅದಕ್ಕಾಗಿ ಹೆಚ್ಚು ಕೊಡಲೂ ಬೇಡಿ. ದುಡ್ಡು ಹಾಕೋದಾದರೆ ಕಪ್ಪು ಚೆನ್ನಾಗಿ ತೋರಿಸುವ ಪರದೆಗೆ ಹಾಕಿ. ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಸಿನಿಮಾ ಧಾರಾವಾಹಿ ಥರ ಕಾಣೋದು ನಿಲ್ಲುತ್ತೆ. 4ಕೆ ಪ್ಲಾನ್ ತಗೊಳ್ಳೋ ಮೊದಲು ಸೋಫಾದಿಂದ ಟಿವಿಗೆ ಟೇಪು ಹಿಡೀರಿ. ನಾನು ಮನೆಯ ಪ್ಲಾನ್ ಒಂದು ಮೆಟ್ಟಿಲು ಇಳಿಸಿ ಮೂರು ತಿಂಗಳಾಯ್ತು, ಅಪ್ಪನಿಗೆ ಇನ್ನೂ ಗೊತ್ತಾಗಿಲ್ಲ.

ಅಮ್ಮ ಮಾತ್ರ ಈಗಲೂ ಆ ಲೋಗೊ ಅಂಟಿದ ಪ್ರತಿಯನ್ನೇ ನೋಡ್ತಾರೆ. "ಮುಖ ಕಾಣದಿದ್ರೂ ಮಾತು ಕೇಳುತ್ತಲ್ಲ, ಸಾಕು" ಅಂತಾರೆ. ಸಾಕಾಗಬಾರದು ಅನ್ನೋದಷ್ಟೇ ನನ್ನ ವಾದ. ಮುಂದಿನ ಬಜೆಟ್ ಪುಸ್ತಕ ಬಂದಾಗ ಟಿಕೆಟ್ ದರದ ಸಾಲು ಓದಿದ ಮೇಲೆ ಅದರ ಕೆಳಗಿನ ಭಂಡಾರದ ಸಾಲನ್ನೂ ಓದಿ. ಆ ಸಾಲು ಅಲ್ಲಿ ಇನ್ನೂ ಇದೆಯಾ, ಎಷ್ಟು ಖರ್ಚಾಯ್ತು, ಎಷ್ಟು ರೀಲು ಉಳಿದವು ಅಂತ ಕೇಳಿ.